ಮೂರನೆಯ ಸಲವೂ ಹೊರಟ ನಾವಿಕ: ಕ್ಯಾಪ್ಟನ್ ಜೇಮ್ಸ್ ಕುಕ್

ಮನುಷ್ಯನು ಕಾಣದ ಕಡಲಿನ ದಾರಿಯನ್ನು ಏಕೆ ಹಿಡಿದನು ಎಂಬ ಪ್ರಶ್ನೆಗೆ ಶಾಲೆಯ ಚರಿತ್ರೆಯ ಪುಸ್ತಕವು ನಮಗೆಲ್ಲ ಒಂದು ಸಿದ್ಧ ಉತ್ತರವನ್ನು ಕಲಿಸಿತ್ತು. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದರು, ಯುರೋಪಿನವರು ಸಂಬಾರ ಪದಾರ್ಥಗಳಿಗಾಗಿ ಜಲಮಾರ್ಗವನ್ನು ಹುಡುಕತೊಡಗಿದರು ಎಂಬುದೇ ಆ ಉತ್ತರ. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ದೊರೆಯುತ್ತಿದ್ದವು. ಉತ್ತರವು ಸುಳ್ಳಲ್ಲ. 1498ರಲ್ಲಿ ಕಲ್ಲಿಕೋಟೆಯನ್ನು ತಲುಪಿದ ವಾಸ್ಕೋ ಡ ಗಾಮನು ಬಂದದ್ದು ಮೆಣಸಿಗಾಗಿಯೇ. ಹಿಂದಿರುಗುವಾಗ ಆತನು ತನ್ನ ಹಡಗುಗಳನ್ನು ದುರಸ್ತಿಗೊಳಿಸಿಕೊಂಡದ್ದು ನಮ್ಮ ಕಾರವಾರಕ್ಕೆ ಸಮೀಪದ ಅಂಜದೀವ ದ್ವೀಪದಲ್ಲಿ. ಆದರೆ ಉತ್ತರವು ಪೂರ್ಣವೂ ಅಲ್ಲ. ಮೆಣಸು ಬೇಕಾದದ್ದು ಅರಸನಿಗೆ, ಲಾಭ ಬೇಕಾದದ್ದು ವರ್ತಕನಿಗೆ. ಹಡಗನ್ನೇರಿದ ಮನುಷ್ಯನಿಗೆ ಬೇಕಾದದ್ದು ಏನು? ಮಡದಿ ಮಕ್ಕಳನ್ನು ದಡದಲ್ಲಿ ಬಿಟ್ಟು, ಮರಳುವ ಭರವಸೆಯಿಲ್ಲದ ಯಾತ್ರೆಗೆ ಆತನು ಏಕೆ ಮನಸ್ಸು ಮಾಡಿದನು?

ಈ ಪ್ರಶ್ನೆಯನ್ನು ಒಬ್ಬನೇ ವ್ಯಕ್ತಿಯ ಬಾಳನ್ನು ಮುಂದಿಟ್ಟುಕೊಂಡು ಕೇಳಿ ನೋಡೋಣವೆಂದು ನಾವು ಆರಿಸಿಕೊಂಡದ್ದು ಇಂಗ್ಲೆಂಡಿನ ಕ್ಯಾಪ್ಟನ್ ಜೇಮ್ಸ್ ಕುಕ್‌ನನ್ನು. ಭೂಪಟದ ಮೂರನೆಯ ಒಂದು ಭಾಗದಷ್ಟಿರುವ ಪೆಸಿಫಿಕ್ ಮಹಾಸಾಗರವನ್ನು ಇಂದು ನಾವು ಕಾಣುವ ರೂಪದಲ್ಲಿ ಬರೆದಿಟ್ಟವರಲ್ಲಿ ಆತನು ಅಗ್ರಗಣ್ಯ. ಆತನು ಸಾಗರಯಾನಕ್ಕೆ ಹೊರಟದ್ದು ಮೂರು ಸಲ. ಮೂರು ಸಲವೂ ಕಾರಣ ಬೇರೆ ಬೇರೆ. ಮೂರನೆಯ ಸಲ ಹೊರಡಲೇಬೇಕೆಂಬ ನಿರ್ಬಂಧವೇ ಆತನಿಗಿರಲಿಲ್ಲ.

ಕುಕ್ ಹುಟ್ಟಿದ್ದು 1728ರಲ್ಲಿ, ಯಾರ್ಕ್‌ಶೈರ್ ಪ್ರಾಂತದ ಮಾರ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಪರರ ಹೊಲದಲ್ಲಿ ದುಡಿಯುವ ಕೂಲಿಯಾಳು. ಹುಡುಗನ ಚುರುಕನ್ನು ಕಂಡ ಜಮೀನಿನ ಒಡೆಯನೇ ಆತನ ಶಾಲೆಯ ಶುಲ್ಕವನ್ನು ಕಟ್ಟಿದನೆಂದು ತಿಳಿದುಬರುತ್ತದೆ. ಹದಿನಾರರ ವಯಸ್ಸಿನಲ್ಲಿ ಸ್ಟೇತ್ಸ್ ಎಂಬ ಬೆಸ್ತರ ಊರಿನಲ್ಲಿ ದಿನಸಿ ಮತ್ತು ಬಟ್ಟೆಬರೆ ಮಾರುವ ಒಂದು ಅಂಗಡಿಗೆ ಆತನನ್ನು ಸೇರಿಸಲಾಯಿತು. ಆದರೆ ಆ ಕೆಲಸ ಹಿಡಿಸಲಿಲ್ಲ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಹುಡುಗನು ಸಮೀಪದ ವ್ಹಿಟ್‌ಬಿ ಬಂದರಿನಲ್ಲಿ ವಾಕರ್ ಸಹೋದರರ ಕಲ್ಲಿದ್ದಲು ಸಾಗಿಸುವ ಹಡಗುಗಳಲ್ಲಿ ಶಿಷ್ಯವೃತ್ತಿಗೆ ನಿಂತನು.

ಇಲ್ಲಿಯೇ ಕುಕ್‌ನ ನಿಜವಾದ ವಿದ್ಯಾಭ್ಯಾಸ ನಡೆಯಿತು. ಇಂಗ್ಲೆಂಡಿನ ಪೂರ್ವ ಕರಾವಳಿ ಮರಳುದಿಬ್ಬಗಳಿಂದಲೂ ಬಿರುಗಾಳಿಯಿಂದಲೂ ಕೂಡಿದ ಅಪಾಯದ ದಾರಿ. ಹಗಲು ಹಗ್ಗ ಎಳೆಯುತ್ತಿದ್ದ ತರುಣನು ಹಡಗು ದಡದಲ್ಲಿರುವ ಚಳಿಗಾಲದಲ್ಲಿ ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ, ಖಗೋಳಶಾಸ್ತ್ರಗಳನ್ನು ತಾನಾಗಿ ಓದಿಕೊಂಡನು. ಒಂಬತ್ತು ವರ್ಷಗಳ ದುಡಿಮೆಯ ಬಳಿಕ 1755ರಲ್ಲಿ ಮಾಲೀಕರು ಒಂದು ಹಡಗಿನ ನಾಯಕತ್ವವನ್ನೇ ನೀಡಲು ಮುಂದಾದರು. ಕೂಲಿಯಾಳಿನ ಮಗನಿಗೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ಅದು ಸಣ್ಣ ಭಾಗ್ಯವಲ್ಲ. ಕುಕ್ ಅದನ್ನು ಒಲ್ಲೆನೆಂದು ಲಂಡನ್ನಿನ ವಾಪಿಂಗ್‌ನಲ್ಲಿ ರಾಜನೌಕಾಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿದನು. ಜನರು ಬಲವಂತಕ್ಕೆ ಸಿಕ್ಕಿ ಸೇರುತ್ತಿದ್ದ ನೌಕರಿಗೆ ತಾನಾಗಿ ಬಂದು ಹೆಸರು ಬರೆಯಿಸಿದವನನ್ನು ಕಂಡು ನೇಮಕದ ಅಧಿಕಾರಿಗಳಿಗೂ ಬೆರಗಾಗಿರಬೇಕು. ನಿಶ್ಚಿತವಾದುದನ್ನು ಕೈಬಿಟ್ಟು ಅನಿಶ್ಚಿತವಾದುದನ್ನು ಹಿಡಿಯುವ ಆತನ ಸ್ವಭಾವ ಮೊದಲ ಸಲ ಪ್ರಕಟವಾದದ್ದು ಈ ಸಂದರ್ಭದಲ್ಲಿ.

ಎರಡೇ ವರ್ಷಗಳಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕುಕ್ ಹಡಗು ನಡೆಸುವ ಮಾಸ್ಟರ್ ಪದವಿಗೇರಿದನು. ಫ್ರಾನ್ಸ್‌ಗೂ ಇಂಗ್ಲೆಂಡಿಗೂ ನಡೆದ ಏಳು ವರ್ಷಗಳ ಯುದ್ಧವು ಆತನನ್ನು ಕೆನಡಾಕ್ಕೆ ಒಯ್ದಿತು. 1758ರಲ್ಲಿ ಲೂಯಿಬರ್ಗ್ ಕೋಟೆ ಬಿದ್ದ ಮೇಲೆ ಅಲ್ಲಿನ ದಡದಲ್ಲಿ ಸ್ಯಾಮ್ಯುಯೆಲ್ ಹಾಲೆಂಡ್ ಎಂಬ ಸೈನ್ಯದ ಮೋಜಣಿದಾರನು ಮುಕ್ಕಾಲಿಯ ಮೇಲೆ ಹಲಗೆಯಿರಿಸಿ ನೆಲವನ್ನು ಅಳೆಯುತ್ತಿದ್ದುದನ್ನು ಕಂಡು, ಆ ವಿದ್ಯೆಯನ್ನು ಆತನಿಂದ ಕಲಿತನು. ಮರುವರ್ಷ ಸೇಂಟ್ ಲಾರೆನ್ಸ್ ನದಿಯ ಆಳ ಅಗಲಗಳನ್ನು ಶತ್ರುವಿನ ಫಿರಂಗಿಗಳ ಮುಂದೆಯೇ ಅಳೆದು, ಇಂಗ್ಲಿಷ್ ನೌಕಾಪಡೆ ಕ್ವಿಬೆಕ್ ನಗರದವರೆಗೆ ಸಾಗಲು ನೆರವಾದವರಲ್ಲಿ ಆತನೂ ಒಬ್ಬ. ಬಳಿಕ 1763ರಿಂದ 1767ರವರೆಗೆ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕರಾವಳಿಯನ್ನು ಅಳೆದು ಆತನು ಸಿದ್ಧಪಡಿಸಿದ ನಕ್ಷೆಗಳು ಒಂದು ಶತಮಾನದಷ್ಟು ಕಾಲ ಬಳಕೆಯಲ್ಲಿದ್ದವು. ಆ ದಿನಗಳಲ್ಲಿಯೇ ಮದ್ದು ತುಂಬಿದ ಕೊಂಬು ಸಿಡಿದು ಆತನ ಬಲಗೈಯಲ್ಲಿ ಒಂದು ದೊಡ್ಡ ಕಲೆ ಉಳಿಯಿತು. ಆ ಕಲೆಯ ವಿಷಯ ಮುಂದೆ ಮತ್ತೆ ಬರುತ್ತದೆ.

ಈ ನಡುವೆ 1762ರ ಡಿಸೆಂಬರ್ 21ರಂದು ಕುಕ್‌ನ ಮದುವೆಯಾಯಿತು. ವಧು ಎಲಿಜಬೆತ್ ಬ್ಯಾಟ್ಸ್, ವಾಪಿಂಗ್‌ನ ವಸತಿಗೃಹವೊಂದರ ಒಡೆಯನ ಮಗಳು. ವರನಿಗೆ ಮೂವತ್ತನಾಲ್ಕು, ವಧುವಿಗೆ ಇಪ್ಪತ್ತು. ಕುಕ್‌ನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈ ಹೆಣ್ಣುಮಗಳಿಗೆ ಎರಡು ಸಾಲು ಮೀಸಲಿಟ್ಟು ಮುಂದೆ ಸಾಗುತ್ತಾರೆ. ನಾವು ಹಾಗೆ ಮಾಡುವುದಿಲ್ಲ. ಯಾನದ ಖರ್ಚಿನ ಬಹುಭಾಗ ಆಕೆಯ ಹೆಸರಿನಲ್ಲಿಯೇ ಬರೆಯಲ್ಪಟ್ಟಿದೆ.

1768ರಲ್ಲಿ ಮೊದಲನೆಯ ಯಾನದ ಅವಕಾಶ ಒದಗಿತು. ಅದರ ಕಾರಣ ಮೆಣಸೂ ಅಲ್ಲ, ಚಿನ್ನವೂ ಅಲ್ಲ, ಆಕಾಶದ ಒಂದು ಘಟನೆ. ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಚಿಕ್ಕ ಚುಕ್ಕೆಯಾಗಿ ಹಾದುಹೋಗುವ ಶುಕ್ರ ಸಂಕ್ರಮಣವನ್ನು ನಮ್ಮಲ್ಲಿ ಅನೇಕರು 2004ರ ಜೂನ್ 8ರಂದು ಅಥವಾ 2012ರ ಜೂನ್ 6ರಂದು ಕಂಡಿರಬಹುದು. ಎಂಟು ವರ್ಷಗಳ ಅಂತರದಲ್ಲಿ ಎರಡು ಸಲ ಬಂದು, ಮತ್ತೆ ನೂರಕ್ಕೂ ಹೆಚ್ಚು ವರ್ಷಗಳವರೆಗೆ ಬಾರದ ಘಟನೆಯಿದು. ಮುಂದಿನದು 2117ರಲ್ಲಿ. ಭೂಮಿಯ ಮೇಲಿನ ದೂರದೂರದ ಎರಡು ಸ್ಥಳಗಳಿಂದ ನೋಡಿದಾಗ ಶುಕ್ರನು ಸೂರ್ಯಬಿಂಬವನ್ನು ದಾಟುವ ದಾರಿ ತುಸು ಬೇರೆಯಾಗಿ ಕಾಣುತ್ತದೆ, ಹಿಡಿಯುವ ಕಾಲವೂ ಬೇರೆಯಾಗುತ್ತದೆ. ಈ ವ್ಯತ್ಯಾಸದಿಂದ ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಲೆಕ್ಕ ಹಾಕಬಹುದೆಂದು ಎಡ್ಮಂಡ್ ಹ್ಯಾಲಿ 1716ರಲ್ಲಿಯೇ ತೋರಿಸಿಕೊಟ್ಟಿದ್ದನು. 1761ರ ಸಂಕ್ರಮಣದಿಂದ ತೃಪ್ತಿಕರ ಉತ್ತರ ದೊರೆಯಲಿಲ್ಲ. 1769ರ ಜೂನ್ 3ರ ಸಂಕ್ರಮಣವು ತಪ್ಪಿದರೆ ಮುಂದಿನದು 1874ಕ್ಕೆ. ಆದ್ದರಿಂದ ಹಲವು ದೇಶಗಳ ಖಗೋಳಜ್ಞರು ಭೂಮಿಯ ಮೂಲೆ ಮೂಲೆಗೆ ಹೊರಟರು.

ಅವರಲ್ಲಿ ಒಬ್ಬನ ಕಥೆ ನಮ್ಮ ದೇಶಕ್ಕೆ ಸಂಬಂಧಿಸಿದುದು. ಫ್ರಾನ್ಸಿನ ಲೆ ಜಾಂತಿಲ್ 1761ರ ಸಂಕ್ರಮಣವನ್ನು ಪಾಂಡಿಚೇರಿಯಿಂದ ನೋಡಲು ಹೊರಟಿದ್ದನು. ದಾರಿಯಲ್ಲಿರುವಾಗಲೇ ಆ ಊರು ಇಂಗ್ಲಿಷರ ವಶವಾಗಿ, ಸಂಕ್ರಮಣದ ದಿನ ಆತನು ತೂಗಾಡುವ ಹಡಗಿನ ಮೇಲೆ ಉಳಿದನು. ಹಿಂದಿರುಗದೆ ಎಂಟು ವರ್ಷ ಪೂರ್ವ ದೇಶಗಳಲ್ಲಿಯೇ ಕಾದು, 1769ರಲ್ಲಿ ಪಾಂಡಿಚೇರಿಯಲ್ಲಿ ದೂರದರ್ಶಕವನ್ನು ಸಜ್ಜುಗೊಳಿಸಿ ಕುಳಿತನು. ಆ ಮುಂಜಾನೆ ಮೋಡ ಕವಿಯಿತು. ಊರಿಗೆ ಮರಳಿದಾಗ ಆತನು ಸತ್ತನೆಂದು ಭಾವಿಸಿ ವಾರಸುದಾರರು ಆಸ್ತಿಗೆ ಕೈಹಾಕಿದ್ದರು. ಜ್ಞಾನದ ಹಂಬಲಕ್ಕೆ ಮನುಷ್ಯನು ತೆರುವ ಬೆಲೆಗೆ ಇದಕ್ಕಿಂತ ದೊಡ್ಡ ನಿದರ್ಶನ ನಮಗೆ ತೋಚದು.

ಇಂಗ್ಲೆಂಡಿನಲ್ಲಿ ರಾಯಲ್ ಸೊಸೈಟಿಯ ಮನವಿಗೆ ಮೂರನೆಯ ಜಾರ್ಜ್ ದೊರೆ 4,000 ಪೌಂಡುಗಳನ್ನು ಮಂಜೂರು ಮಾಡಿದನು. ಸೊಸೈಟಿಯು ಯಾನದ ಮುಖಂಡತ್ವಕ್ಕೆ ಸೂಚಿಸಿದ್ದು ಅಲೆಕ್ಸಾಂಡರ್ ಡಾಲ್ರಿಂಪಲ್‌ನನ್ನು. ಆತನು ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದು ಪೂರ್ವ ಸಮುದ್ರಗಳನ್ನು ಬಲ್ಲವನು. ನೌಕಾಪಡೆಯವನಲ್ಲದವನಿಗೆ ಹಡಗನ್ನು ಒಪ್ಪಿಸಲು ನೌಕಾ ಇಲಾಖೆ ಸಮ್ಮತಿಸಲಿಲ್ಲ. ಹೀಗೆ ಆ ಹೊಣೆ ಮೂವತ್ತೊಂಬತ್ತರ ಕುಕ್‌ನ ಹೆಗಲೇರಿತು. ಆಗಷ್ಟೇ ಆತನಿಗೆ ಲೆಫ್ಟಿನೆಂಟ್ ಪದವಿ ದೊರೆಯಿತು. ಹಡಗಾದರೂ ಎಂಥದು? ವ್ಹಿಟ್‌ಬಿಯಲ್ಲಿ ಕಟ್ಟಿದ, ಕಲ್ಲಿದ್ದಲು ಹೊರುತ್ತಿದ್ದ ಅಗಲ ತಳದ ಒಂದು ನೌಕೆ. ಎಂಡೆವರ್ ಎಂದು ಅದಕ್ಕೆ ಹೊಸ ಹೆಸರಾಯಿತು. 94 ಜನರನ್ನು ಹೊತ್ತು 1768ರ ಆಗಸ್ಟ್ ಕೊನೆಯಲ್ಲಿ ಅದು ಪ್ಲಿಮತ್ ಬಂದರನ್ನು ಬಿಟ್ಟಿತು. ಜೋಸೆಫ್ ಬ್ಯಾಂಕ್ಸ್ ಎಂಬ ಶ್ರೀಮಂತ ಸಸ್ಯಶಾಸ್ತ್ರಜ್ಞನು ತನ್ನ ಪರಿವಾರದೊಡನೆ ಜೊತೆಗಿದ್ದನು. ಆ ದಿನಗಳಲ್ಲಿ ಎಲಿಜಬೆತ್ ಹೆತ್ತ ನಾಲ್ಕನೆಯ ಮಗು ಜೋಸೆಫ್ ಕೆಲವೇ ವಾರಗಳಲ್ಲಿ ತೀರಿಕೊಂಡಿತು. ತಂದೆಗೆ ಅದು ತಿಳಿದದ್ದು ಮೂರು ವರ್ಷಗಳ ನಂತರ.

ತಾಹಿತಿ ದ್ವೀಪದಲ್ಲಿ ಸಂಕ್ರಮಣದ ದಿನ ಆಕಾಶ ನಿರ್ಮಲವಾಗಿತ್ತು. ಆದರೆ ಶುಕ್ರನ ಚುಕ್ಕೆ ಸೂರ್ಯನ ಅಂಚನ್ನು ಮುಟ್ಟುವ ಗಳಿಗೆಯಲ್ಲಿ ಹನಿಯಂತೆ ಜಗ್ಗಿಕೊಂಡು ಕಂಡಿದ್ದರಿಂದ ಮೂವರು ವೀಕ್ಷಕರ ಸಮಯಗಳು ಪರಸ್ಪರ ಹೊಂದಲಿಲ್ಲ. ಕುಕ್ ಅದನ್ನು ಇದ್ದಂತೆಯೇ ದಾಖಲಿಸಿದನು. ಹಾಗಿದ್ದರೂ ಲೋಕದ ಹಲವೆಡೆಯ ಅಳತೆಗಳನ್ನು ಕೂಡಿಸಿ ಆಕ್ಸ್‌ಫರ್ಡಿನ ಥಾಮಸ್ ಹಾರ್ನ್‌ಸ್ಬಿ ತೆಗೆದ ಲೆಕ್ಕ ಸುಮಾರು 9 ಕೋಟಿ 37 ಲಕ್ಷ ಮೈಲಿ. ಇಂದು ನಾವು ತಿಳಿದಿರುವ ಸರಾಸರಿ ದೂರ ಸುಮಾರು 9 ಕೋಟಿ 30 ಲಕ್ಷ ಮೈಲಿ. ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ.

ಆದರೆ ಕುಕ್‌ನ ಪೆಟ್ಟಿಗೆಯಲ್ಲಿ ಇನ್ನೊಂದು ರಹಸ್ಯ ಆಜ್ಞಾಪತ್ರವಿತ್ತು. ದಕ್ಷಿಣದಲ್ಲಿ ಒಂದು ದೊಡ್ಡ ಸಮೃದ್ಧ ಖಂಡವಿದೆಯೆಂದು ಯುರೋಪಿನ ವಿದ್ವಾಂಸರು ಶತಮಾನಗಳಿಂದ ನಂಬಿದ್ದರು. ಫ್ರೆಂಚರಿಗೆ ಮೊದಲೇ ಅದನ್ನು ಹುಡುಕಬೇಕು, ಅಲ್ಲಿಯ ಜನರ ಸಮ್ಮತಿಯನ್ನು ಪಡೆದು ಇಂಗ್ಲೆಂಡಿನ ಹೆಸರಿನಲ್ಲಿ ವಶಪಡಿಸಿಕೊಳ್ಳಬೇಕು ಎಂಬುದು ಅದರ ಸಾರ. ಅಂದರೆ ಆಕಾಶದ ಚುಕ್ಕೆಯ ಬೆನ್ನಿಗೆ ನೆಲದ ಆಸೆಯೂ ಹಡಗನ್ನೇರಿತ್ತು. ಶಾಸ್ತ್ರ, ವ್ಯಾಪಾರ, ಸಾಮ್ರಾಜ್ಯ ಎಂಬ ಮೂರನ್ನು ನಾವು ಇಂದು ಬೇರೆ ಬೇರೆ ಖಾತೆಗಳಲ್ಲಿ ಬರೆಯುತ್ತೇವೆ. ಆ ಕಾಲದಲ್ಲಿ ಅವು ಒಂದೇ ಖಾತೆಯ ಮೂರು ನಮೂದುಗಳು.

ತಾಹಿತಿಯಿಂದ ಮುಂದಿನ ಯಾನದಲ್ಲಿ ಟುಪಾಯ ಎಂಬ ಪುರೋಹಿತನೂ ನಾವಿಕನೂ ಆದ ದ್ವೀಪವಾಸಿ ಜೊತೆಗೂಡಿದನು. ದಿಕ್ಸೂಚಿಯಿಲ್ಲದೆ ನಕ್ಷತ್ರ, ಅಲೆ, ಗಾಳಿಗಳನ್ನು ನೋಡಿ ಹಡಗು ನಡೆಸುವ ವಿದ್ಯೆ ಆತನಿಗೆ ಪರಂಪರೆಯಿಂದ ಬಂದಿತ್ತು. ನ್ಯೂಜಿಲೆಂಡಿನ ಮಾವೋರಿಗಳೊಡನೆ ಆತನು ತನ್ನ ಭಾಷೆಯಲ್ಲಿಯೇ ಮಾತನಾಡಬಲ್ಲವನಾಗಿದ್ದನು. ಆ ವಿಶಾಲ ಸಾಗರದ ದ್ವೀಪಗಳನ್ನೆಲ್ಲ ಅಲ್ಲಿಯ ಜನರು ಯುರೋಪಿನವರಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ಹುಡುಕಿ ನೆಲೆಸಿದ್ದರು ಎಂಬುದನ್ನು ನಾವು ಮರೆಯಬಾರದು. ಕುಕ್ ಆರು ತಿಂಗಳಲ್ಲಿ ನ್ಯೂಜಿಲೆಂಡನ್ನು ಸುತ್ತಿ, ಅದು ಎರಡು ದ್ವೀಪಗಳೆಂದೂ ದಕ್ಷಿಣ ಖಂಡದ ಭಾಗವಲ್ಲವೆಂದೂ ನಕ್ಷೆಯಲ್ಲಿ ತೋರಿಸಿದನು. ಆದರೆ ಅಲ್ಲಿ ಕಾಲಿಟ್ಟ ಮೊದಲ ದಿನಗಳಲ್ಲಿಯೇ ಆತನ ಜನರ ಗುಂಡಿಗೆ ಹಲವು ಮಾವೋರಿಗಳು ಬಲಿಯಾದರು.

1770ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿ ಕಾಣಿಸಿತು. ಜೂನ್ 11ರ ರಾತ್ರಿ ಹಡಗು ಹವಳದ ಬಂಡೆಗೆ ತಗುಲಿ ಸಿಕ್ಕಿಕೊಂಡಿತು. ಫಿರಂಗಿಗಳನ್ನೂ ಸಾಮಾನುಗಳನ್ನೂ ಕಡಲಿಗೆಸೆದು, ಸುಮಾರು ಒಂದು ದಿನದ ಹೆಣಗಾಟದ ಬಳಿಕ ಹಡಗನ್ನು ಬಿಡಿಸಿ, ಬಿರುಕಿಗೆ ಉಣ್ಣೆ ಮತ್ತು ನಾರು ಮೆತ್ತಿದ ಹಾಯಿಯನ್ನು ಹೊರಗಿನಿಂದ ಎಳೆದು ಬಿಗಿದು ದಡ ಸೇರಿಸಿದರು. ಏಳು ವಾರ ದುರಸ್ತಿ ನಡೆಯಿತು. ಕಾಂಗರೂ ಎಂಬ ಪ್ರಾಣಿಯ ಹೆಸರು ಹೊರಜಗತ್ತಿಗೆ ತಿಳಿದದ್ದು ಈ ತಂಗುವಿಕೆಯಿಂದ. ಆಗಸ್ಟ್ 22ರಂದು ಒಂದು ಚಿಕ್ಕ ದ್ವೀಪದಲ್ಲಿ ಬಾವುಟವೇರಿಸಿ ಇಡೀ ಪೂರ್ವ ಕರಾವಳಿಯನ್ನು ಕುಕ್ ತನ್ನ ದೊರೆಯ ಹೆಸರಿಗೆ ಬರೆದನು. ಆಜ್ಞಾಪತ್ರದಲ್ಲಿದ್ದ ಜನರ ಸಮ್ಮತಿಯೆಂಬ ಮಾತು ಅಲ್ಲಿ ಪಾಲನೆಯಾಗಲಿಲ್ಲ. ಯಾರೂ ಅವರನ್ನು ಕೇಳಲಿಲ್ಲ. ನೆಲವು ಒಡೆಯರಿಲ್ಲದ್ದೆಂಬ ಆ ನೆವವನ್ನು ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯವು ಮಾಬೊ ಮೊಕದ್ದಮೆಯಲ್ಲಿ ತಳ್ಳಿಹಾಕಿದ್ದು 1992ರಲ್ಲಿ, ಇನ್ನೂರ ಇಪ್ಪತ್ತೆರಡು ವರ್ಷಗಳ ತರುವಾಯ.

ಆವರೆಗೂ ಕುಕ್‌ನ ಹಡಗಿನಲ್ಲಿ ಸ್ಕರ್ವಿ ರೋಗದಿಂದ ಒಬ್ಬನೂ ಸತ್ತಿರಲಿಲ್ಲ. ಇದರ ಮಹತ್ವ ತಿಳಿಯಬೇಕಾದರೆ ಹಿಂದಿನ ಲೆಕ್ಕವನ್ನು ನೋಡಬೇಕು. 1740ರಲ್ಲಿ ಹೊರಟ ಕಮೋಡೋರ್ ಆನ್ಸನ್‌ನ ಯಾನದಲ್ಲಿ ಸುಮಾರು 1,900 ಜನರ ಪೈಕಿ 1,300ಕ್ಕೂ ಹೆಚ್ಚು ಮಂದಿ ಮಡಿದರು. ಬಹುಪಾಲು ಜನರನ್ನು ಕೊಂದದ್ದು ಶತ್ರುವಲ್ಲ, ರೋಗ. ವಸಡು ಕೊಳೆತು, ಹಳೆಯ ಗಾಯಗಳು ಬಿಚ್ಚಿಕೊಂಡು ಸಾಯುವ ಈ ವ್ಯಾಧಿಗೆ ತಾಜಾ ಹಣ್ಣು ತರಕಾರಿಗಳಲ್ಲಿರುವ ಸಿ ಜೀವಸತ್ವದ ಕೊರತೆಯೇ ಕಾರಣವೆಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿದದ್ದು. ಕುಕ್‌ಗೆ ಕಾರಣ ತಿಳಿದಿರಲಿಲ್ಲ, ಕಟ್ಟುನಿಟ್ಟು ತಿಳಿದಿತ್ತು. ಹುಳಿಬರಿಸಿದ ಎಲೆಕೋಸನ್ನು ಏಳು ಸಾವಿರ ಪೌಂಡಿಗೂ ಹೆಚ್ಚು ತುಂಬಿಸಿಕೊಂಡನು. ದಡ ಸಿಕ್ಕಲ್ಲೆಲ್ಲ ಸೊಪ್ಪು ಕೀಳಿಸಿ ಬೇಯಿಸಿದನು. ಹಡಗನ್ನು ತೊಳೆಸಿ ಹೊಗೆ ಹಾಕಿಸಿದನು. ನಾವಿಕರು ಎಲೆಕೋಸನ್ನು ಮುಟ್ಟದಿದ್ದಾಗ, ಅದನ್ನು ಅಧಿಕಾರಿಗಳ ಮೇಜಿಗೆ ಮಾತ್ರ ಬಡಿಸುವಂತೆ ಮಾಡಿದನು. ಮೇಲಿನವರು ಉಣ್ಣುವುದನ್ನು ಕಂಡ ಮೇಲೆ ಕೆಳಗಿನವರೂ ಕೇಳತೊಡಗಿದರು. ಆಡಳಿತದ ಈ ಸೂಕ್ಷ್ಮವನ್ನು ಕಚೇರಿಗಳಲ್ಲಿ ಬಾಳು ಸವೆಸಿದ ನಮ್ಮಂಥವರು ಮೆಚ್ಚದಿರಲಾರೆವು. ಆದರೆ ತಾಜಾ ಮಾಂಸವನ್ನು ಒಲ್ಲೆನೆಂದ ಇಬ್ಬರಿಗೆ ಆತನು ತಲಾ ಹನ್ನೆರಡು ಛಡಿಯೇಟು ಹೊಡೆಸಿದ್ದನ್ನೂ ಹೇಳಬೇಕು.

ಇಷ್ಟೆಲ್ಲ ಕಾಪಾಡಿಕೊಂಡು ಬಂದ ಜನರನ್ನು ಆತನು ಕಳೆದುಕೊಂಡದ್ದು ಯುರೋಪಿನವರೇ ಆಳುತ್ತಿದ್ದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ. ದುರಸ್ತಿಗೆಂದು ನಿಂತಾಗ ಮಲೇರಿಯಾ ಮತ್ತು ರಕ್ತಭೇದಿಗಳು ಹಬ್ಬಿ, ಅಲ್ಲಿಯೂ ಮುಂದಿನ ದಾರಿಯಲ್ಲಿಯೂ ಸುಮಾರು ಮೂವತ್ತು ಜನರು ಸತ್ತರು. ಟುಪಾಯನೂ ಖಗೋಳಜ್ಞ ಗ್ರೀನನೂ ಚಿತ್ರಕಾರ ಪಾರ್ಕಿನ್‌ಸನ್ನನೂ ಅವರಲ್ಲಿ ಸೇರಿದ್ದರು. 1771ರ ಜುಲೈಯಲ್ಲಿ ಕುಕ್ ಮನೆ ಸೇರಿದಾಗ, ನಾಲ್ಕು ವರ್ಷದ ಮಗಳು ಎಲಿಜಬೆತ್ ಮೂರು ತಿಂಗಳ ಹಿಂದಷ್ಟೇ ಕಣ್ಮುಚ್ಚಿದ್ದಳು.

ಒಂದೇ ವರ್ಷದಲ್ಲಿ, 1772ರ ಜುಲೈಯಲ್ಲಿ, ಎರಡನೆಯ ಯಾನ. ಈ ಸಲ ರೆಸಲ್ಯೂಷನ್ ಮತ್ತು ಅಡ್ವೆಂಚರ್ ಎಂಬ ಎರಡು ಹಡಗುಗಳು. ಕಾರಣ, ಉಳಿದಿದ್ದ ಒಂದು ಸಂಶಯದ ಪರಿಹಾರ. ದಕ್ಷಿಣ ಖಂಡವು ಇದೆಯೋ ಇಲ್ಲವೋ ಎಂಬುದನ್ನು ಭೂಮಿಯ ತಳಭಾಗವನ್ನೇ ಸುತ್ತಿ ನಿರ್ಧರಿಸಬೇಕಿತ್ತು. ಜೊತೆಗೆ ಒಂದು ಗಡಿಯಾರದ ಪರೀಕ್ಷೆಯೂ ಇತ್ತು. ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಕೋಲ್ಕತ್ತಾದಲ್ಲಿ ಸೂರ್ಯನು ನೆತ್ತಿಗೆ ಬಂದ ಸುಮಾರು ಒಂದು ಗಂಟೆಯ ಮೇಲೆ ಮುಂಬಯಿಯಲ್ಲಿ ನೆತ್ತಿಗೆ ಬರುತ್ತಾನೆ. ಹೊರಟ ಊರಿನ ಸಮಯವನ್ನು ತಪ್ಪದೆ ತೋರಿಸುವ ಗಡಿಯಾರವು ಕೈಯಲ್ಲಿದ್ದರೆ, ಸ್ಥಳೀಯ ನಡುಹಗಲಿನೊಡನೆ ಹೋಲಿಸಿ ಹಡಗಿನ ರೇಖಾಂಶವನ್ನು ತಿಳಿಯಬಹುದು. ಅಲೆಯ ಹೊಡೆತಕ್ಕೂ ಚಳಿ ಬಿಸಿಲಿಗೂ ಕದಲದ ಅಂಥ ಗಡಿಯಾರವನ್ನು ಕಟ್ಟಿದವನು ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ. ಅದರ ಪ್ರತಿಯೊಂದನ್ನು ಲಾರ್ಕಮ್ ಕೆಂಡಾಲ್ ತಯಾರಿಸಿಕೊಟ್ಟಿದ್ದನು. ಮೊದಮೊದಲು ಅದನ್ನು ನಂಬದಿದ್ದ ಕುಕ್ ಮರಳುವಷ್ಟರಲ್ಲಿ ಅದರ ದೊಡ್ಡ ಪಕ್ಷಪಾತಿಯಾಗಿದ್ದನು.

1773ರ ಜನವರಿ 17ರಂದು ಕುಕ್‌ನ ಹಡಗುಗಳು ದಾಖಲಾದ ಚರಿತ್ರೆಯಲ್ಲಿ ಮೊದಲ ಬಾರಿಗೆ ದಕ್ಷಿಣ ಧ್ರುವವೃತ್ತವನ್ನು ದಾಟಿದವು. ಮರುವರ್ಷದ ಜನವರಿ 30ರಂದು ರೆಸಲ್ಯೂಷನ್ ದಕ್ಷಿಣ ಅಕ್ಷಾಂಶ 71 ಡಿಗ್ರಿ 10 ಮಿನಿಟುಗಳವರೆಗೆ ಸಾಗಿ ಹಿಮದ ಗೋಡೆಯ ಮುಂದೆ ನಿಂತಿತು. ಅಂದಿನ ದಿನಚರಿಯಲ್ಲಿ ಕುಕ್ ತನ್ನ ಮನಸ್ಸನ್ನು ಅಪರೂಪಕ್ಕೆ ತೆರೆದಿಟ್ಟಿದ್ದಾನೆ. ತನಗಿಂತ ಹಿಂದಿನವರೆಲ್ಲರಿಗಿಂತ ದೂರ ಹೋಗುವುದಷ್ಟೇ ಅಲ್ಲ, ಮನುಷ್ಯನಿಗೆ ಸಾಧ್ಯವಾದ ಕೊನೆಯವರೆಗೂ ಹೋಗಬೇಕೆಂಬ ಆಕಾಂಕ್ಷೆ ತನ್ನದೆಂಬುದು ಅದರ ಭಾವ. ಅರಸನ ಅಪ್ಪಣೆ, ಇಲಾಖೆಯ ಸಂಬಳ, ಸೊಸೈಟಿಯ ಗಣಿತ ಎಲ್ಲವನ್ನೂ ಬದಿಗಿಟ್ಟ ಮೇಲೆ ಉಳಿಯುವ ಕಾರಣವಿದು. ನಮ್ಮ ಪ್ರಶ್ನೆಗೆ ಅತ್ಯಂತ ಪ್ರಾಮಾಣಿಕ ಉತ್ತರವೂ ಇದೇ ಇರಬಹುದು.

1775ರ ಜುಲೈ 30ರಂದು ಯಾನ ಮುಗಿಯಿತು. ಶತಮಾನಗಳಿಂದ ನಕ್ಷೆಗಳಲ್ಲಿ ಮೆರೆಯುತ್ತಿದ್ದ ಸಮೃದ್ಧ ದಕ್ಷಿಣ ಖಂಡವನ್ನು ಕುಕ್ ಅಳಿಸಿಹಾಕಿದ್ದನು. ಇಲ್ಲದಿರುವುದನ್ನು ಇಲ್ಲವೆಂದು ತೋರಿಸಲು ಮೂರು ವರ್ಷ ಹಿಮದಲ್ಲಿ ಅಲೆಯುವುದು ಸಾಮಾನ್ಯ ಸಾಧನೆಯಲ್ಲ. ರೆಸಲ್ಯೂಷನ್‌ನಲ್ಲಿ ಸತ್ತವರು ನಾಲ್ವರು, ಅವರಲ್ಲಿ ರೋಗದಿಂದ ಸತ್ತವನು ಒಬ್ಬನೇ. ಕೂಲಿಯಾಳಿನ ಮಗನು ಕ್ಯಾಪ್ಟನ್ ಆದನು, ರಾಯಲ್ ಸೊಸೈಟಿಯ ಸದಸ್ಯನಾದನು, ನಾವಿಕರ ಆರೋಗ್ಯವನ್ನು ಕುರಿತ ಲೇಖನಕ್ಕಾಗಿ ಕಾಪ್ಲಿ ಪದಕವನ್ನು ಪಡೆದನು. ಗ್ರೀನಿಚ್‌ನಲ್ಲಿ ನಿವೃತ್ತ ನಾವಿಕರ ಆಶ್ರಯಧಾಮದಲ್ಲಿ ಸಂಬಳವೂ ವಸತಿಯೂ ಇರುವ ಹುದ್ದೆ ದೊರೆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಿಂಚಣಿಯ ಖಾತರಿಯೊಡನೆ ಗೌರವದ ವಿಶ್ರಾಂತಿ. ಎಲಿಜಬೆತ್ ನಿಟ್ಟುಸಿರು ಬಿಟ್ಟಿರಬೇಕು. ಎರಡನೆಯ ಯಾನಕ್ಕೆ ಗಂಡ ಹೊರಟ ದಿನಗಳಲ್ಲಿ ಹುಟ್ಟಿದ ಜಾರ್ಜ್ ಎಂಬ ಮಗುವೂ ಕೆಲವೇ ತಿಂಗಳಲ್ಲಿ ಹೋಗಿಬಿಟ್ಟಿತ್ತು.

ಆ ವಿಶ್ರಾಂತಿ ಒಂದು ವರ್ಷವೂ ಬಾಳಲಿಲ್ಲ. ಉತ್ತರ ಅಮೆರಿಕದ ನೆತ್ತಿಯ ಮೇಲಿಂದ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಜೋಡಿಸುವ ದಾರಿಯನ್ನು ಕಂಡುಹಿಡಿದವರಿಗೆ ಪಾರ್ಲಿಮೆಂಟು 20,000 ಪೌಂಡುಗಳ ಬಹುಮಾನವನ್ನು ಸಾರಿತ್ತು. ನಾಯಕನಾರಾಗಬೇಕೆಂಬ ಸಮಾಲೋಚನೆಗೆ ನೌಕಾ ಇಲಾಖೆಯ ಮುಖ್ಯಸ್ಥ ಲಾರ್ಡ್ ಸ್ಯಾಂಡ್‌ವಿಚ್ 1776ರ ಆರಂಭದಲ್ಲಿ ಕುಕ್‌ನನ್ನು ಊಟಕ್ಕೆ ಕರೆದನೆಂದೂ, ಮಾತಿನ ನಡುವೆ ಕುಕ್ ತಾನೇ ಎದ್ದು ಹೋಗುತ್ತೇನೆಂದನೆಂದೂ ಪ್ರತೀತಿ. ಬಹುಮಾನದ ಆಸೆಯೇ, ಕೀರ್ತಿಯ ಮೋಹವೇ, ದಡದ ಬೇಸರವೇ? ಸಂಸಾರವಂದಿಗರಾದ ನಮಗೆ ಒಂದು ಮಾತು ಹೊಳೆಯುತ್ತದೆ. ಬಾಳೆಲ್ಲ ಒಂದು ಕೆಲಸದಲ್ಲಿ ತೊಡಗಿದವನಿಗೆ ಆ ಕೆಲಸವೇ ತಾನಾಗಿಬಿಟ್ಟಿರುತ್ತದೆ; ಕುರ್ಚಿ ಬಿಟ್ಟ ಮರುದಿನ ತಾನಾರೆಂಬ ಪ್ರಶ್ನೆ ಏಳುತ್ತದೆ. ನಲವತ್ತೇಳರ ಕುಕ್ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಕಡಲನ್ನೇ ಆರಿಸಿಕೊಂಡನೇನೋ. ಆರನೆಯ ಮಗು ಹ್ಯೂ ಹುಟ್ಟಿ ಎರಡು ತಿಂಗಳು ಕೂಡ ಆಗದ ಜುಲೈಯಲ್ಲಿ ಆತನು ಪ್ಲಿಮತ್ ಬಿಟ್ಟನು.

ಜೊತೆಯ ಹಡಗು ಡಿಸ್ಕವರಿಯ ನಾಯಕ ಚಾರ್ಲ್ಸ್ ಕ್ಲರ್ಕ್ ತಡವಾಗಿ ಹೊರಟನು. ಅಣ್ಣನ ಸಾಲಕ್ಕೆ ಜಾಮೀನು ನಿಂತ ತಪ್ಪಿಗೆ ಆತನು ಸಾಲಗಾರರ ಸೆರೆಮನೆಯಲ್ಲಿದ್ದನು. ಅಲ್ಲಿ ಅಂಟಿದ ಕ್ಷಯರೋಗವನ್ನು ಹೊತ್ತೇ ಹಡಗನ್ನೇರಿದನು. ಜಾಮೀನಿನ ಕಾಗದಗಳನ್ನು ದಿನನಿತ್ಯ ಕಾಣುವ ನಮಗೆ ಈ ಒಂದು ಸಂಗತಿ ಮನಸ್ಸಿಗೆ ನಾಟಿತು.

ಈ ಯಾನದ ಕುಕ್ ಹಿಂದಿನವನಾಗಿರಲಿಲ್ಲ. ದಣಿದ ಮೈ, ಸಿಡುಕುವ ಮನಸ್ಸು. ಮೂರಿಯಾ ದ್ವೀಪದಲ್ಲಿ ಒಂದು ಆಡು ಕಳುವಾದುದಕ್ಕೆ ಮನೆಗಳನ್ನೂ ದೋಣಿಗಳನ್ನೂ ಸುಡಿಸಿದನು. 1778ರ ಜನವರಿಯಲ್ಲಿ ಹವಾಯಿ ದ್ವೀಪಗಳನ್ನು ಕಂಡು, ಅಮೆರಿಕದ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗಿ, ಬೇರಿಂಗ್ ಜಲಸಂಧಿಯನ್ನು ದಾಟಿ, ಆಗಸ್ಟ್‌ನಲ್ಲಿ ಉತ್ತರದ ಹಿಮದ ಗೋಡೆಯನ್ನು ಮುಟ್ಟಿದನು. ದಾರಿ ದೊರೆಯಲಿಲ್ಲ. ಚಳಿಗಾಲ ಕಳೆಯಲು ಹವಾಯಿಗೆ ಮರಳಿ, 1779ರ ಜನವರಿ 17ರಂದು ಕೆಅಲಕೆಕುವಾ ಕೊಲ್ಲಿಯಲ್ಲಿ ಲಂಗರು ಹಾಕಿದಾಗ ಸಾವಿರಾರು ಜನರು ಎದುರುಗೊಂಡರು. ಅವರು ಆತನನ್ನು ಲೋನೊ ಎಂಬ ದೇವತೆಯೆಂದೇ ಭಾವಿಸಿದರೆಂದು ಹಲವರು ಬರೆದರು. ಅದು ಯುರೋಪಿನವರೇ ಕಟ್ಟಿದ ಕಥೆಯೆಂದು ಶ್ರೀಲಂಕಾದ ಮಾನವಶಾಸ್ತ್ರಜ್ಞ ಗಣನಾಥ ಒಬೆಯಸೇಕರ 1992ರಲ್ಲಿ ವಾದಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ.

ಫೆಬ್ರವರಿ 4ರಂದು ಹೊರಟ ಹಡಗಿನ ಮುಂಗಂಬ ಬಿರುಗಾಳಿಗೆ ಸಿಕ್ಕು ಹಾಳಾಯಿತು. ಒಂದೇ ವಾರದಲ್ಲಿ ಹಿಂತಿರುಗಬೇಕಾಯಿತು. ಈ ಸಲ ಸ್ವಾಗತವಿರಲಿಲ್ಲ. 13ರ ರಾತ್ರಿ ಒಂದು ದೋಣಿ ಕಳುವಾಯಿತು. ಅದನ್ನು ಮರಳಿ ಪಡೆಯಲು ದ್ವೀಪದ ಅರಸ ಕಲನಿಓಪುವನ್ನು ಒತ್ತೆಯಾಗಿ ಹಿಡಿದು ತರಲು ಮರುದಿನ ಮುಂಜಾನೆ ಕುಕ್ ತಾನೇ ದಡಕ್ಕಿಳಿದನು. ಜನರು ಸುತ್ತುವರಿದರು, ಗುಂಡು ಹಾರಿತು, ಕಲ್ಲು ಕಠಾರಿಗಳು ಬೀಸಿದವು. ನೀರಿನಂಚಿನಲ್ಲಿ ಕುಕ್ ಕೆಳಗುರುಳಿದನು. ಆತನೊಡನೆ ನಾಲ್ವರು ನೌಕಾಸೈನಿಕರೂ ಹವಾಯಿಯ ಹಲವರೂ ಸತ್ತರು. ದಿನಗಳು ಕಳೆದು ಹಿಂದಿರುಗಿಸಲಾದ ಅವಶೇಷಗಳಲ್ಲಿ ಕುಕ್‌ನನ್ನು ಗುರುತಿಸಿದ್ದು ಬಲಗೈಯ ಆ ಹಳೆಯ ಕಲೆಯಿಂದ. ಅವಶೇಷಗಳನ್ನು ಕಡಲಿಗೇ ಒಪ್ಪಿಸಿದರು.

ಸುದ್ದಿಯು ಕಮ್‌ಚಾಟ್ಕದಿಂದ ರಷ್ಯಾದ ನೆಲಮಾರ್ಗವಾಗಿ ಲಂಡನ್ ಮುಟ್ಟಿದ್ದು 1780ರ ಜನವರಿಯಲ್ಲಿ, ಹನ್ನೊಂದು ತಿಂಗಳ ಮೇಲೆ. ಇದರ ನಡುವಣ ಒಂದು ಸಂಗತಿ ವಿಧಿಯ ವಿನೋದದಂತಿದೆ. ಇಂಗ್ಲೆಂಡಿನೊಡನೆ ಯುದ್ಧದಲ್ಲಿದ್ದ ಅಮೆರಿಕದ ಪರವಾಗಿ ಬೆಂಜಮಿನ್ ಫ್ರಾಂಕ್ಲಿನ್ 1779ರ ಮಾರ್ಚ್‌ನಲ್ಲಿ ತನ್ನ ದೇಶದ ಹಡಗುಗಳಿಗೆ ಪತ್ರ ಬರೆದು, ಕುಕ್ ಎದುರಾದರೆ ಶತ್ರುವೆಂದು ಕಾಣದೆ ಮಾನವಕುಲದ ಮಿತ್ರನೆಂದು ನಡೆಸಿಕೊಳ್ಳಬೇಕೆಂದು ಕೋರಿದನು. ಆಗ ಕುಕ್ ಸತ್ತು ಒಂದು ತಿಂಗಳಿಗೆ ಸಮೀಪವಾಗಿತ್ತು. ಕ್ಲರ್ಕ್ ಮತ್ತೊಮ್ಮೆ ಉತ್ತರದ ಹಿಮದವರೆಗೆ ಹೋಗಿ, 1779ರ ಆಗಸ್ಟ್‌ನಲ್ಲಿ ಕ್ಷಯದಿಂದ ತೀರಿಕೊಂಡನು. ಹಡಗುಗಳು ಊರು ಸೇರಿದ್ದು 1780ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ವೆಸ್ಟ್ ಇಂಡೀಸ್‌ನ ಚಂಡಮಾರುತದಲ್ಲಿ ಥಂಡರರ್ ಎಂಬ ಯುದ್ಧನೌಕೆ ಮುಳುಗಿ, ಅದರಲ್ಲಿದ್ದ ಕುಕ್‌ನ ಎರಡನೆಯ ಮಗ ನಥಾನಿಯಲ್ ಕಡಲ ಪಾಲಾದನು. ಕಿರಿಯವನಾದ ಹ್ಯೂ 1793ರ ಡಿಸೆಂಬರ್ 21ರಂದು ಕೇಂಬ್ರಿಜ್‌ನಲ್ಲಿ ಜ್ವರದಿಂದ ಸತ್ತನು. ಅದು ತಾಯಿಯ ಮದುವೆಯ ದಿನ. ತಿಂಗಳೊಂದು ಕಳೆಯುತ್ತಿರುವಾಗ ಹಿರಿಯ ಮಗ ಜೇಮ್ಸ್ ದೋಣಿಯ ಅವಘಡದಲ್ಲಿ ನೀರುಪಾಲಾದನು. ಆರು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ.

ಎಲಿಜಬೆತ್ ಮಾತ್ರ ಬದುಕಿದಳು. ಅರಸನು ಮಂಜೂರು ಮಾಡಿದ ವರ್ಷಕ್ಕೆ 200 ಪೌಂಡುಗಳ ಪಿಂಚಣಿಯಲ್ಲಿ, ಗಂಡನ ಸಾವಿನ ಮೇಲೆ ಐವತ್ತಾರು ವರ್ಷ ಬಾಳಿ, 1835ರಲ್ಲಿ ತೊಂಬತ್ಮೂರರ ವಯಸ್ಸಿನಲ್ಲಿ ಕಣ್ಮುಚ್ಚಿದಳು. ಹದಿನಾರು ವರ್ಷಗಳ ದಾಂಪತ್ಯದಲ್ಲಿ ಗಂಡ ಮನೆಯಲ್ಲಿದ್ದ ದಿನಗಳನ್ನೆಲ್ಲ ಕೂಡಿಸಿದರೆ ಕೆಲವೇ ವರ್ಷಗಳಾಗುತ್ತವೆ. ಆತನು ತನಗೆ ಬರೆದ ಪತ್ರಗಳನ್ನು ಆಕೆ ಸುಟ್ಟುಹಾಕಿದಳು. ಆದ್ದರಿಂದ ಲೋಕಕ್ಕೆ ದಿನಚರಿಯ ಕುಕ್ ದೊರೆತಿದ್ದಾನೆ, ಗಂಡನಾದ ಕುಕ್ ದೊರೆತಿಲ್ಲ. ಅದು ಆಕೆಯ ಪಾಲಿಗೆ ಮಾತ್ರ ಸಂದ ಆಸ್ತಿಯಾಗಿ ಉಳಿಯಿತು.

ಹಾಗಾದರೆ ನಾವಿಕರು ಏಕೆ ಹೊರಟರು? ಕುಕ್‌ನ ಬಾಳು ನಮಗೆ ಹೇಳುವುದಿಷ್ಟು. ಹಡಗನ್ನು ಕಟ್ಟಿಸುವ ಕಾರಣ ಬೇರೆ, ಹಡಗನ್ನೇರುವ ಕಾರಣ ಬೇರೆ. ರಾಜ್ಯಕ್ಕೆ ನೆಲ ಬೇಕಿತ್ತು, ವರ್ತಕನಿಗೆ ದಾರಿ ಬೇಕಿತ್ತು, ವಿದ್ವಾಂಸನಿಗೆ ಅಳತೆ ಬೇಕಿತ್ತು. ಕೂಲಿಯಾಳಿನ ಮಗನಿಗೆ ಹುಟ್ಟು ವಿಧಿಸಿದ ಎಲ್ಲೆಯನ್ನು ದಾಟಬೇಕಿತ್ತು. ಕೊನೆಗೆ, ನಕ್ಷೆಯ ಬಿಳಿಯ ಭಾಗವನ್ನು ಬಿಳಿಯಾಗಿಯೇ ಬಿಟ್ಟು ಕುಳಿತುಕೊಳ್ಳಲು ಆತನಿಂದ ಆಗಲಿಲ್ಲ. ಜಮೆಯ ಕಡೆಯಲ್ಲಿ ಆ ನಕ್ಷೆಗಳಿವೆ, ಸೂರ್ಯನ ದೂರವಿದೆ, ಸ್ಕರ್ವಿಯಿಂದ ಉಳಿದ ಜೀವಗಳಿವೆ. ಖರ್ಚಿನ ಕಡೆಯಲ್ಲಿ ಗುಂಡಿಗೆ ಬಿದ್ದ ಮಾವೋರಿಗಳಿದ್ದಾರೆ, ಕೇಳದೆಯೇ ನೆಲ ಕಳೆದುಕೊಂಡ ಆಸ್ಟ್ರೇಲಿಯಾದ ಮೂಲನಿವಾಸಿಗಳಿದ್ದಾರೆ, ದಡದಲ್ಲಿ ಉಳಿದ ಒಬ್ಬ ಹೆಂಗಸಿದ್ದಾಳೆ. ಎರಡು ಕಡೆಯೂ ಸರಿಹೊಂದುವಂತೆ ಈ ಲೆಕ್ಕವನ್ನು ಮುಗಿಸಲು ನಮಗೆ ಸಾಧ್ಯವಾಗಿಲ್ಲ.

ತಾಹಿತಿಯಿಂದ ಗಂಡ ತಂದ ಮರದ ತೊಗಟೆಯ ಬಟ್ಟೆಯಲ್ಲಿ ಎಲಿಜಬೆತ್ ಒಂದು ತೋಳಿಲ್ಲದ ಅಂಗಿಗೆ ಕಸೂತಿ ಹಾಕುತ್ತಿದ್ದಳು. ಮೂರನೆಯ ಯಾನದಿಂದ ಮರಳಿದ ಮೇಲೆ ಅರಮನೆಯ ಸಭೆಗೆ ಅದನ್ನು ತೊಟ್ಟು ಹೋಗಲೆಂಬುದು ಆಕೆಯ ಬಯಕೆ. ಸುದ್ದಿ ಬಂದ ದಿನ ಸೂಜಿ ನಿಂತಿತು. ಹೂಬಳ್ಳಿಗಳು ಅರ್ಧಕ್ಕೇ ಉಳಿದ ಆ ಅಂಗಿಯ ಬಟ್ಟೆ ಇಂದು ಸಿಡ್ನಿ ನಗರದ ಗ್ರಂಥಾಲಯದಲ್ಲಿ ಕುಕ್‌ನ ಸಾಮಗ್ರಿಗಳೊಡನೆ ಜೋಪಾನವಾಗಿದೆ.